ಎರಡನೆಯ ತಿರುವಿನ ಬಂಡೆ

ಜನವರಿ 9

ಪ್ರೀತಿಯ ಅಪ್ಪ,

ಕಣ್ಣಿನ ಪಟ್ಟಿ ಬಿಚ್ಚಿದರಂತೆ, ಅತ್ತೆ ಹೇಳಿದಳು. ಫೋನಿನಲ್ಲಿ ನಿನ್ನನ್ನೇ ಕೇಳೋಣವೆಂದರೆ ನಿನಗೆ ಅರ್ಧ ಮಾತು ಕೇಳಿಸುವುದಿಲ್ಲ, ಉಳಿದರ್ಧ ನೀನು ಕೇಳಿಸಿಕೊಳ್ಳುವುದಿಲ್ಲ. ಅದಕ್ಕೇ ಕಾಗದ. ಓದಲು ಡಾಕ್ಟರ ಅಪ್ಪಣೆ ಇಲ್ಲದಿದ್ದರೆ ಅತ್ತೆಯ ಕೈಲಿ ಓದಿಸಿಕೊ.

ವಿಷಯಕ್ಕೆ ಬರುತ್ತೇನೆ. ಹೋದ ವರ್ಷ ನಮ್ಮ ಶಾಲೆಯ ಆರನೆಯ ತರಗತಿಯವರು ನಿಮ್ಮೂರಿನ ಬೆಟ್ಟಕ್ಕೆ ಬಂದಿದ್ದರಲ್ಲ, ದಾರಿಯ ತಿರುವುಗಳನ್ನೆಲ್ಲ ಬಿಟ್ಟು ಇಳಿಜಾರಿನಲ್ಲೇ ಜಾರಿಕೊಂಡು ಇಳಿದು ದಾರಿಯ ಅಂಚನ್ನು ಕುಸಿಯುವಂತೆ ಮಾಡಿದ್ದರು. ಬಿಸ್ಕತ್ತಿನ ಕಾಗದಗಳನ್ನು ಪೊದೆಗಳಿಗೆ ಸಿಕ್ಕಿಸಿದ್ದರು. ಬೆಟ್ಟ ಕಾಯುವ ಗಾರ್ಡಮ್ಮ ಅವತ್ತೇ ನಮ್ಮ ಶಾಲೆಗೆ ಗೇಟು ಮುಚ್ಚಿದಳು. ಈಗ ಅವಳಿಂದಲೇ ಒಂದು ದಾರಿ ತೆರೆದಿದೆ. ಕಾಡುಬೆಟ್ಟಗಳಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಮಕ್ಕಳಿಗೆ ಕಲಿಸುವುದು ಹೇಗೆ ಎಂಬುದಕ್ಕೆ ಅವಳು ಒಂದು ಶನಿವಾರ, ಭಾನುವಾರ ತರಬೇತಿ ನಡೆಸುತ್ತಾಳೆ. ನಮ್ಮಲ್ಲಿ ಒಬ್ಬರು ಅದರಲ್ಲಿ ಪಾಸಾದರೆ ಶಾಲೆಗೆ ಮತ್ತೆ ಬೆಟ್ಟ ಸಿಗುತ್ತದೆ. ಫೇಲಾದರೆ ಇಲ್ಲ. ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು, ಆಟದ ಟೀಚರು ನಾನೇ ಅಲ್ಲವೇ.

ಈ ವರ್ಷದ ಆರನೆಯವರು ತಂಟೆಕೋರರಲ್ಲ ಅಪ್ಪ. ಶಾಲೆಯ ಆಡಳಿತದವರು ನಮ್ಮ ಆಟದ ಮೈದಾನಕ್ಕೂ ಸಿಮೆಂಟು ಹಾಕಿಸಿಬಿಟ್ಟಿದ್ದಾರೆ. ಮಕ್ಕಳು ಮಣ್ಣಿನ ಮೇಲೆ ಒಂದು ದಿನ ನಡೆಯಲಿ ಎಂದು ನನಗೆ ಆಸೆ.

ತರಬೇತಿ ಮಾರ್ಚ್ ಎರಡನೆಯ ವಾರದ ಕೊನೆಗೆ. ಬೆಟ್ಟದ ಮೇಲೆ ನಿಂತು ಒಬ್ಬೊಬ್ಬರೂ ಒಂದೊಂದು ನಿಯಮದ ಪಾಠ ಮಾಡಬೇಕು. ಚೀಟಿ ಎತ್ತಿ ಹಂಚಿದ್ದಾರೆ. ಅಲ್ಲಿ ಇರುವುದನ್ನು ಇದ್ದ ಹಾಗೇ ಬಿಟ್ಟುಬರುವುದು ಎಂಬ ನಿಯಮ ನನ್ನ ಪಾಲಿಗೆ ಬಂದಿದೆ. ಷರತ್ತು ಏನು ಗೊತ್ತೇ? ಪಾಠದಲ್ಲಿ ‘ಬೇಡ’ ಎಂಬ ಮಾತು ಬರಕೂಡದು. ‘ಬಾರದು’ ಕೂಡ ಇಲ್ಲ. ಆ ಎರಡನ್ನೂ ತೆಗೆದರೆ ನನ್ನ ಹತ್ತಿರ ಉಳಿಯುವುದು ಸೀಟಿ ಒಂದೇ.

ನಿನ್ನ ಮಗಳು

*

ಜನವರಿ 17

ಪ್ರೀತಿಯ ಸಿಡಿಮಿಡಿ,

ಕಾಗದವನ್ನು ನಾನೇ ಓದಿದೆ, ಕನ್ನಡಕವಿಲ್ಲದೆ. ನಿನ್ನ ಅಕ್ಷರ ಇಷ್ಟು ಕೆಟ್ಟದಾಗಿದೆ ಎಂದು ಗೊತ್ತಿರಲಿಲ್ಲ. ಇಷ್ಟು ದಿನ ಪೊರೆಯ ತಪ್ಪು ಅಂದುಕೊಂಡಿದ್ದೆ.

ಕಣ್ಣು ಈಗ ತೊಳೆದಿಟ್ಟ ಗಾಜು. ಅದರ ಫಜೀತಿಯನ್ನೂ ಕೇಳು. ಎದುರಿನ ಔಷಧಿ ಅಂಗಡಿಗೆ ಹೋದ ವರ್ಷ ಅಚ್ಚ ಬಿಳಿಯಲ್ಲಿ ಬೋರ್ಡು ಬರೆದುಕೊಟ್ಟಿದ್ದೆನಲ್ಲ, ಈಗ ನೋಡಿದರೆ ಅದು ಕೆನೆಬಣ್ಣ. “ಅವತ್ತೇ ಹೇಳ್ಬಾರ್ದಿತ್ತೇನಯ್ಯ?” ಎಂದರೆ ಅಂಗಡಿಯವನು, “ನಿಮ್ಮ ಮನಸ್ಸಿಗ್ಯಾಕೆ ಬೇಜಾರು ಮಾಡೋದು ಅಂತ ಸುಮ್ನಾದೆ” ಎಂದ. ನನಗೆ ಮೈಯೆಲ್ಲ ಉರಿಯಿತು. ಕೆಲಸ ಕೆಟ್ಟಿದ್ದರೆ ಕೆಟ್ಟಿದೆ ಅನ್ನಬೇಕು. ಮರುಕ ತೋರಿಸುವುದಕ್ಕೆ ನಾನೇನು ಹಾಸಿಗೆ ಹಿಡಿದವನೇ?

ಬ್ರಶ್ಶು ಇನ್ನೂ ಮುಟ್ಟಿಲ್ಲ. ಎರಡು ವರ್ಷದಿಂದ ಗೆರೆ ಸೊಟ್ಟಗೆ ಹೋಗುತ್ತಿತ್ತು. ಕಣ್ಣಿನದೋ ಕೈಯದೋ ತಿಳಿಯದೆ ಎಲ್ಲವನ್ನೂ ಕಣ್ಣಿನ ಮೇಲೆ ಹಾಕಿ ಕೂತಿದ್ದೆ. ಈಗ ಆ ನೆಪವೂ ಹೋಯಿತು. ಕೈ ಏನನ್ನುತ್ತದೋ ಎಂದು ಭಯವಾಗುತ್ತದೆ.

‘ಬಾರದು’ ಇಲ್ಲದೆ ಪಾಠವೇ? ನಿನ್ನನ್ನು ಸಾಕಿದ್ದೇ ಆ ಪದ. ಇಲ್ಲಿ ವಾಹನ ನಿಲ್ಲಿಸಬಾರದು, ಇಲ್ಲಿ ಉಗುಳಬಾರದು, ಗೋಡೆಗೆ ಭಿತ್ತಿಪತ್ರ ಅಂಟಿಸಬಾರದು: ಇಷ್ಟರಲ್ಲೇ ನಿನ್ನ ಓದು ಮುಗಿಯಿತು. ನಿನ್ನ ನಿಯಮಗಳನ್ನೆಲ್ಲ ಬರೆದು ಕಳಿಸು, ನೋಡೋಣ. ಬೆಟ್ಟ ನಮ್ಮದು ತಾನೆ.

ನಿನ್ನ ಅಪ್ಪ

*

ಜನವರಿ 29

ಪ್ರೀತಿಯ ಅಪ್ಪ,

ನಿಯಮಗಳು ಇಷ್ಟೇ. ಹೊರಡುವ ಮೊದಲು ತಯಾರಾಗುವುದು, ಗಟ್ಟಿ ನೆಲದ ಮೇಲೆ ನಡೆಯುವುದು, ನಮ್ಮ ಕಸವನ್ನು ನಾವೇ ವಾಪಸ್ಸು ತರುವುದು, ಬೆಂಕಿಯನ್ನು ಚಿಕ್ಕದಾಗಿ ಇಡುವುದು, ಪ್ರಾಣಿಗಳನ್ನು ದೂರದಿಂದ ನೋಡುವುದು, ಎದುರು ಬಂದವರಿಗೆ ದಾರಿ ಬಿಡುವುದು, ಮತ್ತೆ ನನ್ನದು.

ತಯಾರಿ ಜೋರಾಗಿದೆ. ಟೆಂಟನ್ನು ಮನೆಯ ಹಾಲಿನಲ್ಲಿ ಬಿಚ್ಚಿ ಕಟ್ಟಿ, ಕಟ್ಟಿ ಬಿಚ್ಚಿ, ಫ್ಯಾನಿಗೆ ಸಿಕ್ಕಿಸಿಕೊಂಡೆ. ದಿನಾ ಬೆನ್ನಿಗೆ ಚೀಲ ಏರಿಸಿ ಶಾಲೆಯ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಮಕ್ಕಳು ಹಿಂದೆಯೇ ಮೆರವಣಿಗೆ ಬರುತ್ತಾರೆ.

ಪಾಠದ್ದೇ ಕಷ್ಟ. ಮೊನ್ನೆ ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರನ್ನು ಮಗುವಿನ ಹಾಗೆ ಬೆಂಚಿನ ಮೇಲೆ ಕೂರಿಸಿ ಅಭ್ಯಾಸ ಮಾಡಿದೆ. ತೋರಿಸುವುದಕ್ಕೆಂದು ಒಂದು ಶೂ ಪೆಟ್ಟಿಗೆಯಲ್ಲಿ ನುಣುಪಾದ ಕಲ್ಲು, ಒಂದು ಗರಿ, ಹಣ್ಣಾದ ಎಲೆ ಎಲ್ಲ ಜೋಡಿಸಿಕೊಂಡಿದ್ದೆ. ಕಾಡಿನ ವಸ್ತುವನ್ನು ಅಲ್ಲೇ ಬಿಟ್ಟರೆ ಎಷ್ಟು ಚೆಂದ ಎಂದು ಹತ್ತು ನಿಮಿಷ ಹೇಳಿದೆ. ಮೇಷ್ಟ್ರು ಆಕಳಿಸುತ್ತ ಎಲ್ಲ ಕೇಳಿ, “ಇದನ್ನೆಲ್ಲ ಎಲ್ಲಿಂದ ಎತ್ಕೊಂಡು ಬಂದ್ರಿ?” ಎಂದರು. ಸಂಜೆ ಕೆರೆಯ ಏರಿಯ ತನಕ ನಡೆದುಹೋಗಿ ಒಂದೊಂದನ್ನೂ ಎತ್ತಿದ ಜಾಗದಲ್ಲೇ ಇಟ್ಟುಬಂದೆ.

ಹೀಗಾದರೆ ನಾನು ಪಾಸಾದ ಹಾಗೇ. ಯಾರ ಕಣ್ಣಿಗೂ ತಪ್ಪದ ಹಾಗೆ, ಗದರದೆ ಇದನ್ನು ಹೇಳುವುದು ಹೇಗಪ್ಪ?

ನಿನ್ನ ಮಗಳು

*

ಫೆಬ್ರವರಿ 11

ಪ್ರೀತಿಯ ಸಿಡಿಮಿಡಿ,

ನಿನ್ನ ಚಿಂತೆ ಬಿಡು. ಆ ಕೆಲಸ ಮುಗಿಸಿದ್ದೇನೆ.

ಬೆಟ್ಟದ ಎರಡನೆಯ ತಿರುವಿನಲ್ಲಿ ಗೋಡೆಯ ಹಾಗೆ ನಿಂತ ಒಂದು ಬಂಡೆ ಇದೆಯಲ್ಲ, ಹತ್ತುವವರೆಲ್ಲ ಅದರ ಎದುರಿಗೇ ಉಸಿರು ತೆಗೆದುಕೊಳ್ಳಲು ನಿಲ್ಲುತ್ತಾರೆ. ಅದಕ್ಕಿಂತ ಒಳ್ಳೆಯ ಬೋರ್ಡು ಯಾವ ಅಂಗಡಿಗೂ ಸಿಗುವುದಿಲ್ಲ. ಗಾರ್ಡಮ್ಮ ಏನೋ ಕೆಲಸದ ಮೇಲೆ ಒಂದು ವಾರ ಊರಲ್ಲಿರಲಿಲ್ಲ. ಬಂದಾಗ ಖುಷಿಪಡಲಿ ಎಂದು ನಾನು ಏಣಿ ಹೊತ್ತುಕೊಂಡು ಹೋದೆ. ಮೊದಲು ತಂತಿ ಬ್ರಶ್ಶಿನಿಂದ ಬಂಡೆಯನ್ನು ಚೆನ್ನಾಗಿ ಉಜ್ಜಿ ಕೊಳೆ ತೆಗೆದೆ. ಒಂದು ಕೈ ತಳಬಣ್ಣ, ಅದರ ಮೇಲೆ ಸೀಮೆಸುಣ್ಣದ ದಾರ ಹಿಡಿದು ಗೆರೆ, ಆಮೇಲೆ ಅಕ್ಷರ. ನಿನ್ನ ಏಳೂ ನಿಯಮ. ಬಿಳಿ ಅಕ್ಷರಕ್ಕೆ ಎಡಗಡೆ ಕಡುನೀಲಿ ನೆರಳು ಕೊಟ್ಟಿದ್ದೇನೆ, ಕೆಳಗಿನ ಗೇಟಿನಿಂದಲೇ ಎದ್ದು ಕಾಣುತ್ತದೆ. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ದೊಡ್ಡದಾಗಿ ನಿನ್ನದು: ‘ಇಲ್ಲಿರುವುದನ್ನು ಇದ್ದ ಹಾಗೇ ಬಿಡಿ.’ ಬೇಡವೂ ಇಲ್ಲ, ಬಾರದೂ ಇಲ್ಲ.

ಮಗಳೇ, ಕೈ ನಡುಗಲಿಲ್ಲ. ಒಂದು ಗೆರೆಯೂ ಸೊಟ್ಟಗಾಗಲಿಲ್ಲ. ಕೊನೆಯ ಅಕ್ಷರಕ್ಕೆ ನೆರಳು ಎಳೆದು ಏಣಿಯಿಂದ ಇಳಿದಾಗ ನನಗೆ ಅಳು ಬಂತು. ನನ್ನ ಕೆಲಸ ನನಗೆ ವಾಪಸ್ಸು ಬಂದಿದೆ.

ನಿನ್ನ ಅಪ್ಪ

ಅತ್ತೆಯ ಎರಡು ಸಾಲು: ಅಣ್ಣ ಹೊಟ್ಟೆ ತುಂಬ ಊಟ ಮಾಡುವುದನ್ನು ನೋಡಿ ಎಷ್ಟು ಕಾಲವಾಗಿತ್ತೋ. ಸ್ನಾನದ ಮನೆಯಲ್ಲಿ ಹಾಡು ಬೇರೆ. ನನಗೆ ನಿಯಮ ಗಿಯಮ ತಿಳಿಯದು. ಬಂಡೆಯ ವಿಷಯ ಮಾತ್ರ ಯಾಕೋ ಸರಿ ಕಾಣಲಿಲ್ಲ. ಏನಾದರೂ ಹೇಳುವುದಿದ್ದರೆ ನೋಡಿಕೊಂಡು ಹೇಳು.

*

ಫೆಬ್ರವರಿ 16

ಪ್ರೀತಿಯ ಅಪ್ಪ,

ಕಾಗದ ತಲುಪಿತು. ಕೈ ನಡುಗಲಿಲ್ಲ ಎಂದು ಓದಿ ತುಂಬ ಸಂತೋಷವಾಯಿತು. ಕಣ್ಣಿಗೆ ಹನಿ ಹಾಕಿಕೊಳ್ಳುವುದನ್ನು ನಿಲ್ಲಿಸಬೇಡ. ಇಲ್ಲಿ ಪರೀಕ್ಷೆಯ ಗಡಿಬಿಡಿ. ಹೊಸ ಬೂಟು ಹಿಮ್ಮಡಿ ಕಡಿಯುತ್ತಿದೆ. ಗಣಿತದ ಮೇಷ್ಟ್ರಿಗೆ ಮಂಡಿ ನೋವು. ಮತ್ತೇನೂ ವಿಶೇಷವಿಲ್ಲ.

ನಿನ್ನ ಮಗಳು

*

ಫೆಬ್ರವರಿ 21

ಮಗಳೇ,

ನಿನ್ನ ಬೂಟಿನ ಸಮಾಚಾರ ತಿಳಿಯಿತು, ಮೇಷ್ಟ್ರ ಮಂಡಿಯದೂ ತಿಳಿಯಿತು. ಬಂಡೆಯ ಬಗ್ಗೆ ಒಂದು ಅಕ್ಷರವಿಲ್ಲ.

ಮೊನ್ನೆ ಗಾರ್ಡಮ್ಮ ನನ್ನ ಬೋರ್ಡಿನ ಅಂಗಡಿಯ ಮುಂದೆ ಹಾದುಹೋದಳು. ನಾನು ಕೈಯೆತ್ತಿದೆ. ಅವಳು ನೋಡಿದಳು, ಹಾಗೇ ಹೋದಳು. ನಿನಗೇನಾದರೂ ಗೊತ್ತಿದ್ದರೆ ಬರೆ. ನೀನೂ ಆ ಔಷಧಿ ಅಂಗಡಿಯವನ ಜಾತಿಗೆ ಸೇರಿಬಿಟ್ಟೆಯಾ ಎಂದು ಅನುಮಾನ.

ಅಪ್ಪ

*

ಫೆಬ್ರವರಿ 25

ಪ್ರೀತಿಯ ಅಪ್ಪ,

ಸೇರಿಬಿಟ್ಟಿದ್ದೆ. ಇವತ್ತು ಬಿಡುತ್ತೇನೆ.

ಆ ಬರಹ ಅಳಿಸಬೇಕು ಅಪ್ಪ.

ನಿನ್ನ ಬಂಡೆಯ ಕಾಗದವನ್ನು ನಾನು ಸೈಕಲ್ ಸ್ಟ್ಯಾಂಡಿನಲ್ಲಿ ನಿಂತು ಓದಿದೆ. ಬೆಟ್ಟದ ಮೇಲೆ ಇರುವುದು ಹೇಗಿದೆಯೋ ಹಾಗೇ ಇರಲಿ ಎಂಬ ಮಾತನ್ನು ಬೆಟ್ಟದ ಮೇಲೇ ಎಣ್ಣೆಬಣ್ಣದಲ್ಲಿ ಬರೆಯುವುದು ಜಗತ್ತಿನಲ್ಲಿ ನಿನ್ನೊಬ್ಬನಿಗೆ ಮಾತ್ರ ಹೊಳೆಯಬೇಕು. ಮೊದಲು ನಗು ಬಂತು, ಆಮೇಲೆ ಹೆದರಿಕೆ. ನಿನ್ನ ಅಳುವಿನ ಸಾಲನ್ನು ಮತ್ತೆ ಮತ್ತೆ ಓದಿ ಏನೂ ಬರೆಯಲಾರದೆ ಬೂಟಿನ ಕಥೆ ಬರೆದೆ.

ಗಾರ್ಡಮ್ಮ ಹೋದ ವಾರವೇ ತರಬೇತಿಗೆ ಹೆಸರು ಕೊಟ್ಟವರಿಗೆಲ್ಲ ಫೋನು ಮಾಡಿ, “ಬಂಡೆಗೆ ಬಣ್ಣ ಬಳಿದಿದ್ದಾರೆ, ನಿಮ್ಮ ನಿಯಮಾನೇ ಬರ್ದಿದ್ದಾರೆ, ಯಾರಿಗಾದ್ರೂ ಗೊತ್ತಾ?” ಎಂದು ಕೇಳಿದಳು. “ನಮ್ಮಪ್ಪ ಬರ್ದಿದ್ದು” ಎಂದೆ. ಅವಳು ಕೂಗಾಡಿದ್ದರೆ ಚೆನ್ನಾಗಿರುತ್ತಿತ್ತು. ಮೆಲ್ಲಗೆ, “ಮೇಡಂ, ಆ ಬಂಡೆ ಹಂಗೇ ಇದ್ರೆ ಅದರ ಮುಂದೆ ನಿಂತು ನೀವು ಏನಂತ ಪಾಠ ಮಾಡ್ತೀರಿ? ನಾನು ಏನಂತ ಪಾಸ್ ಮಾಡ್ಲಿ?” ಎಂದಳು. ಮಾತು ಸರಿಯಾಗೇ ಇದೆ.

ಮುಂದಿನ ವಾರದ ಶನಿವಾರ ನಾನೇ ಬಂದು ಅಳಿಸುತ್ತೇನೆ. ನೀನು ಮೇಲೆ ಬರುವುದೂ ಬೇಡ, ನೋಡುವುದೂ ಬೇಡ. ಥಿನ್ನರು, ಆಸಿಡ್ಡು ಹಾಕಿದರೆ ಮಣ್ಣಿಗೆ ಇಳಿಯುತ್ತದಂತೆ, ಅದಕ್ಕೆ ಬೇರೇನೋ ಕೊಡುತ್ತೇನೆ ಎಂದಿದ್ದಾಳೆ. ಅಪ್ಪ, ನೀನು ಮತ್ತೆ ಬರೆದದ್ದಕ್ಕೆ ನನಗಾದಷ್ಟು ಸಂತೋಷ ಯಾರಿಗೂ ಆಗಿಲ್ಲ. ಅದನ್ನೇ ಹೋಗಿ ಕೆರೆಯಬೇಕಲ್ಲ. ಬೈಯುವುದಿದ್ದರೆ ಬೈದು ಬರೆ.

ನಿನ್ನ ಮಗಳು

*

ಫೆಬ್ರವರಿ 28

ಬರಬೇಡ.

ನಮ್ಮ ಕಸುಬಿನಲ್ಲಿ ಒಂದು ರಿವಾಜಿದೆ. ಅಂಗಡಿ ಮುಚ್ಚಿದರೂ, ಯಜಮಾನ ಬದಲಾದರೂ, ಬರೆದವನು ಬದುಕಿರುವ ತನಕ ಅವನ ಬೋರ್ಡನ್ನು ಇನ್ನೊಬ್ಬ ಅಳಿಸುವುದಿಲ್ಲ. ಅವನನ್ನೇ ಕರೆಸುತ್ತಾರೆ.

ಅಪ್ಪ

*

ಮಾರ್ಚ್ 8

ಪ್ರೀತಿಯ ಸಿಡಿಮಿಡಿ,

ನಿನ್ನ ಮೇಲೆ ಕೋಪವಿತ್ತು. ಮೂರು ದಿನ ಅತ್ತೆಯ ಮೇಲೆ ತೀರಿಸಿಕೊಂಡೆ, ಅವಳು ಬಡ್ಡಿ ಸೇರಿಸಿ ವಾಪಸ್ಸು ಕೊಟ್ಟಳು. ಆಮೇಲೆ ಏಣಿ ಹೊತ್ತುಕೊಂಡು ಹೋದೆ.

ಗಾರ್ಡಮ್ಮ ಮುಲಾಮಿನಂಥದ್ದೊಂದು ಕೊಟ್ಟಳು. ಅದನ್ನು ಹಚ್ಚಿ, ನೆನೆಯಲು ಬಿಟ್ಟು, ಮರದ ಚಕ್ಕೆಯಿಂದ ಮೆಲ್ಲಗೆ ಕೆರೆಯಬೇಕು. ಬಿದ್ದ ಬಣ್ಣವೆಲ್ಲ ಕೆಳಗೆ ಹಾಸಿದ ಬಟ್ಟೆಯ ಮೇಲೆ. ಬರೆಯುವುದಕ್ಕಿಂತ ಅಳಿಸುವುದಕ್ಕೆ ಹೆಚ್ಚು ದಿನ ಹಿಡಿಯಿತು. ನಾನು ಒಳ್ಳೆಯ ಬಣ್ಣವನ್ನೇ ಹಾಕಿದ್ದೆ, ಸುಮ್ಮನೆ ಬಿಟ್ಟೀತೇ? ಗಾರ್ಡಮ್ಮ ಮೊದಲ ದಿನ ಮಾತಾಡಲಿಲ್ಲ. ಎರಡನೆಯ ದಿನ ಟೀ ತಂದಳು. ಮೂರನೆಯ ದಿನ ತಾನೂ ಒಂದು ಚಕ್ಕೆ ಹಿಡಿಯಲು ಬಂದಳು, ನಾನು ಬಿಡಲಿಲ್ಲ.

ಬಣ್ಣವೆಲ್ಲ ಹೋದ ಮೇಲೆ, “ಈಗ ಮೊದಲಿನ ಹಾಗಾಯ್ತಾ?” ಎಂದು ಕೇಳಿದೆ. ಅವಳು ಹೌದು ಎನ್ನಲಿಲ್ಲ. ಜೇಬಿನಿಂದ ಒಂದು ಭೂತಗನ್ನಡಿ ತೆಗೆದುಕೊಟ್ಟು, ನಾನು ಬರೆಯದೆ ಬಿಟ್ಟಿದ್ದ ಪಕ್ಕದ ಭಾಗವನ್ನು ನೋಡಲು ಹೇಳಿದಳು. ಹೊಸ ಕಣ್ಣಿನಿಂದ ನಾನು ಇಷ್ಟು ಹತ್ತಿರದಲ್ಲಿ ಏನನ್ನೂ ನೋಡಿರಲಿಲ್ಲ. ಬೂದು, ಹಸಿರು, ನಡುನಡುವೆ ಕಿತ್ತಳೆ. ಅಂಚೆಲ್ಲ ಸಣ್ಣ ಸಣ್ಣ ಮಡಿಕೆ. ನನ್ನ ಡಬ್ಬಿಗಳಲ್ಲಿ ಇಲ್ಲದ ಬಣ್ಣಗಳು. ಕಲ್ಲುಹೂವು. ನಾನು ಕೊಳೆಯೆಂದು ತಂತಿ ಬ್ರಶ್ಶಿನಿಂದ ಉಜ್ಜಿ ತೆಗೆದದ್ದು ಅದನ್ನೇ. “ಇದು ಅಂಗೈ ಅಗಲ ಆಗೋಷ್ಟರಲ್ಲಿ ಒಬ್ಬ ಮನುಷ್ಯನ ಆಯಸ್ಸು ಮುಗ್ದಿರುತ್ತೆ” ಎಂದಳು. ನಾನು ಬೋಳು ಮಾಡಿದ ಜಾಗ ಒಂದು ಹೆಬ್ಬಾಗಿಲಿನಷ್ಟಿದೆ.

ನನಗೆ ತುಂಬ ನಾಚಿಕೆಯಾಯಿತು. ಬಣ್ಣವನ್ನೇನೋ ತೆಗೆದೆ, ಇದಕ್ಕೆ ಯಾರೂ ಮುಲಾಮು ಮಾಡಿಲ್ಲ. ನಿನ್ನ ಪಾಸಿಗೆ ನಾನೇ ಕಲ್ಲು ಹಾಕಿದೆನೇನೋ. ಬಂಡೆ ಹೀಗಿದೆ ಎಂದು ನಿನಗೆ ಮೊದಲೇ ತಿಳಿದಿರಲಿ.

ಅಪ್ಪ

*

ಮಾರ್ಚ್ 16

ಪ್ರೀತಿಯ ಅಪ್ಪ,

ಎರಡು ದಿನ ನಿಮ್ಮ ತಲೆಯ ಮೇಲೇ ಇದ್ದೆ, ನೀನು ಒಮ್ಮೆಯೂ ಹತ್ತಿ ಬರಲಿಲ್ಲ. ನಿನ್ನೆ ಇಳಿದು ಅಂಗಡಿಗೆ ಬಂದರೆ ಬಾಗಿಲು ಹಾಕಿತ್ತು. “ಕ್ಷೌರಕ್ಕೆ ಹೋಗಿದ್ದಾನೆ” ಎಂದಳು ಅತ್ತೆ, ನನ್ನ ಮುಖ ನೋಡದೆ. ಬೆಳೆಯದ ಕೂದಲಿಗೆ ಕ್ಷೌರವೇ? ಇರಲಿ. ಬಸ್ಸಿಗೆ ಹೊತ್ತಾಗಿತ್ತು.

ಪಾಸು.

ಹೇಗಾಯಿತೆಂದು ಹೇಳುತ್ತೇನೆ. ಪಾಠವನ್ನು ಬೇರೆ ಕಡೆ ಮಾಡೋಣವೆಂದು ಮೇಲಿನ ಹುಲ್ಲುಗಾವಲಿನಲ್ಲಿ ಒಂದು ಜಾಗ ನೋಡಿಟ್ಟಿದ್ದೆ. ಶನಿವಾರ ಹತ್ತುವಾಗ ಎಲ್ಲರೂ ಆ ತಿರುವಿನಲ್ಲಿ ಉಸಿರು ತೆಗೆದುಕೊಳ್ಳಲು ನಿಂತರು. ನಾನೂ ನಿಂತೆ. ಕಪ್ಪು ಬಂಡೆಯ ನಡುವೆ ಆ ಬಿಳಿಚಿದ ಜಾಗ. ಒಂದು ಚೂರು ಬಣ್ಣವಿಲ್ಲ. ಅದನ್ನು ಅಷ್ಟು ಶುದ್ಧವಾಗಿ ತೆಗೆಯಲು ನಿನ್ನ ಕೈ ಎಷ್ಟು ನೊಂದಿರಬೇಕು ಎನ್ನಿಸಿತು. ಹುಲ್ಲುಗಾವಲಿನ ಆಸೆ ಬಿಟ್ಟು, “ನಂದು ಇಲ್ಲೇ” ಎಂದುಬಿಟ್ಟೆ.

ಬರೆದುಕೊಂಡಿದ್ದ ಪಾಠ ಒಂದೂ ನೆನಪಾಗಲಿಲ್ಲ. ಗಾರ್ಡಮ್ಮನ ಭೂತಗನ್ನಡಿ ಇಸಿದುಕೊಂಡು, ಕಲ್ಲುಹೂವು ಎಲ್ಲಿ ನಿಲ್ಲುತ್ತದೋ ಆ ಅಂಚನ್ನು ಹುಡುಕಿ ಎಂದಷ್ಟೇ ಹೇಳಿದೆ. ಬ್ಯಾಂಕಿನವರೊಬ್ಬರು, ಒಬ್ಬ ನರ್ಸು, ನಿವೃತ್ತ ಡ್ರೈವರು, ಎಲ್ಲರೂ ಬಂಡೆಗೆ ಮೂಗು ತಾಗಿಸಿ ನಿಂತರು. ಮೊದಲು ಮಾತು, ನಗು. ಆಮೇಲೆ ಭೂತಗನ್ನಡಿ ಕೈಯಿಂದ ಕೈಗೆ ಹೋಯಿತು. ಡ್ರೈವರು ಬೋಳು ಜಾಗದ ಮೇಲೆ ಅಂಗೈ ಇಡಲು ಹೋದಾಗ “ಮುಟ್ಬೇಡಿ” ಎಂದು ಗದರಿಬಿಟ್ಟೆ. ಎಲ್ಲರೂ ಘೊಳ್ಳೆಂದು ನಕ್ಕರು. ಆ ‘ಬೇಡ’ಕ್ಕೆ ಗಾರ್ಡಮ್ಮ ಅಂಕ ಕಳೆದಳಂತೆ, ಕಳೆದರೂ ಪಾಸು.

ಇದನ್ನು ಯಾರು ಮಾಡಿದ್ದೆಂದು ನರ್ಸು ಕೇಳಿದಳು. ನಾನು ಹೇಳಲಿಲ್ಲ. ಗಾರ್ಡಮ್ಮನೂ ಹೇಳಲಿಲ್ಲ, ಟೋಪಿ ಸರಿಮಾಡಿಕೊಂಡಳು.

ಏಪ್ರಿಲ್ ಮೊದಲ ಶನಿವಾರ ಮಕ್ಕಳನ್ನು ಕರೆತರುತ್ತೇನೆ. ಮೇಷ್ಟ್ರ ಮಂಡಿ ಇನ್ನೂ ಸರಿಹೋಗಿಲ್ಲ, ಜೊತೆಗೆ ಒಬ್ಬ ದೊಡ್ಡವರು ಬೇಕು. ನೀನು ಬಾ ಅಪ್ಪ. ಮಕ್ಕಳಿಗೆ ಆ ಬಂಡೆಯ ವಿಷಯ ಹೇಳುವುದು ನನ್ನ ಕೆಲಸ, ನೀನು ಸುಮ್ಮನೆ ಜೊತೆಗೆ ನಡೆದರೆ ಸಾಕು. ಈ ಸಲ ಕ್ಷೌರಕ್ಕೆ ಹೋದರೆ ಅಂಗಡಿಗೇ ಬಂದು ಎಳೆದುಕೊಂಡು ಹೋಗುತ್ತೇನೆ.

ನಿನ್ನ ಮಗಳು

*

ಏಪ್ರಿಲ್ 6

ಪ್ರೀತಿಯ ಸಿಡಿಮಿಡಿ,

ಮಕ್ಕಳು ಸುಖವಾಗಿ ಮನೆ ಸೇರಿದರೆಂದು ಅತ್ತೆ ಹೇಳಿದಳು. ನನ್ನ ಕಾಲು ಮಾತ್ರ ಇನ್ನೂ ಬೆಟ್ಟ ಇಳಿಯುತ್ತಲೇ ಇದೆ.

ನಿನಗೆ ಗೊತ್ತಿಲ್ಲದ್ದೊಂದನ್ನು ಬರೆಯುತ್ತೇನೆ. ಹತ್ತುವಾಗ ಎರಡನೆಯ ತಿರುವಿನ ಹತ್ತಿರ ನೀನು ಸಾಲಿನ ಹಿಂದೆ ಉಳಿದಿದ್ದೆ, ಯಾರದೋ ಬೂಟಿನ ಲೇಸು ಕಟ್ಟುತ್ತ. ಮುಂದಿನ ಮಕ್ಕಳೊಂದಿಗೆ ನಾನು ಮೊದಲೇ ಬಂಡೆಗೆ ತಲುಪಿಬಿಟ್ಟೆ. ನಿನ್ನನ್ನು ಕಾಯೋಣವೆಂದುಕೊಂಡೆ. ಆದರೆ ಮಕ್ಕಳು ಕಾಯುತ್ತಾರೆಯೇ? “ತಾತ, ಈ ಕಲ್ಲು ಯಾಕೆ ಇಲ್ಲಿ ಮಾತ್ರ ಬೆಳ್ಳಗಿದೆ?” ಎಂದರು. ಸಿಡಿಲು ಹೊಡೆದದ್ದು ಎಂದ ಒಬ್ಬ. ಯಾರೋ ಸೋಪು ಹಾಕಿ ತಿಕ್ಕಿದ್ದಾರೆ ಎಂದಳು ಇನ್ನೊಬ್ಬಳು.

ನೀನು ಬರುವ ತನಕ ಸುಮ್ಮನಿರಬಹುದಿತ್ತು. ಬಂದಿದ್ದರೆ ನೀನು ನನ್ನ ಹೆಸರೆತ್ತದೆ ಎಲ್ಲ ಹೇಳುತ್ತಿದ್ದೆ, ನನಗೆ ಗೊತ್ತು. ನನಗೆ ಅದು ಬೇಡವೆನ್ನಿಸಿತು. “ನಾನೇ ಮಾಡಿದ್ದು” ಎಂದೆ. ಕಲ್ಲುಹೂವು ತೋರಿಸಿದೆ. ಇದು ಮತ್ತೆ ಬೆಳೆಯುತ್ತದೆ, ಆದರೆ ಅದನ್ನು ನೋಡಲು ನಾನು ಇರುವುದಿಲ್ಲ, ನೀವು ಮುದುಕರಾದಾಗ ಬಂದು ನೋಡಿ ಎಂದೆ. ಇಲ್ಲಿ ಬಣ್ಣದಲ್ಲಿ ಬರೆದಿದ್ದೆ, ಆಮೇಲೆ ನಾನೇ ಅಳಿಸಿದೆ ಎಂದೂ ಹೇಳಿದೆ. ನಾನು ಬೈಸಿಕೊಳ್ಳಲು ಸಿದ್ಧವಾಗಿ ನಿಂತೆ.

ಎರಡು ಜಡೆಯವಳೊಬ್ಬಳು, ನಿನ್ನ ಹಾಗೆ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು, ಬೋಳು ಜಾಗವನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. ಆಮೇಲೆ ನನ್ನ ಕೈಗಳನ್ನು ನೋಡಿದಳು.

“ಚೆನ್ನಾಗಿ ಬರ್ದಿದ್ರಾ ತಾತ?” ಎಂದು ಕೇಳಿದಳು.

ಇಷ್ಟು ದಿನದಲ್ಲಿ ಅದನ್ನು ಒಬ್ಬರೂ ಕೇಳಿರಲಿಲ್ಲ. ಮಕ್ಕಳ ಮುಂದೆ ಸುಳ್ಳು ಹೇಳಲು ನನಗೆ ಬಾಯಿ ಬರಲಿಲ್ಲ ಮಗಳೇ.

“ತುಂಬ ಚೆನ್ನಾಗಿ ಬರ್ದಿದ್ದೆ ಕಣಮ್ಮ” ಎಂದೆ.

ನಿನ್ನ ಅಪ್ಪ